ಸ್ಪ್ರಿಂಗ್ ಆಮೇಲೆ, ಮೊದಲು ಆಂಟಿ-ರೋಲ್ ಬಾರ್

ರೇಸಿಂಗ್ ಗೇಮ್‌ನ ಟ್ಯೂನಿಂಗ್ ಮೆನು ತೆರೆದ ಕೂಡಲೇ ಬಹಳ ಜನ ಸ್ಪ್ರಿಂಗ್‌ಗೆ ಕೈ ಹಾಕುತ್ತಾರೆ. ನಾನಾದರೆ ಮೊದಲು ಮುಟ್ಟುವುದು ಆಂಟಿ-ರೋಲ್ ಬಾರ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಕಂಬಿ. ಎಡ ಬಲ ಚಕ್ರ ಎರಡೂ ಒಟ್ಟಿಗೆ ಏರಿಳಿದರೆ ಅದು ಸುಮ್ನೆ ಇರುತ್ತದೆ, ತಿರುವಿನಲ್ಲಿ ಕಾರು ಒಂದು ಕಡೆ ವಾಲಿದಾಗಲೋ ಒಂದೇ ಕಡೆಯ ಚಕ್ರ ಉಬ್ಬು ಹತ್ತಿದಾಗಲೋ ಮಾತ್ರ ಕೆಲಸ ಮಾಡುತ್ತದೆ. ಸ್ಪ್ರಿಂಗ್ ಹಾಗಲ್ಲ. ಅದನ್ನು ಬದಲಿಸಿದರೆ ಬ್ರೇಕ್ ಹಾಕಿದಾಗ ಮೂತಿ ಬಗ್ಗುವುದು, ಆಕ್ಸಲರೇಟರ್ ಒತ್ತಿದಾಗ ಹಿಂಭಾಗ ಕೂರುವುದು, ಉಬ್ಬು ದಾಟುವುದು ಎಲ್ಲವೂ ಬದಲಾಗುತ್ತದೆ, ಆಮೇಲೆ ಯಾವುದರಿಂದ ಏನಾಯಿತು ಅಂತ ಹುಡುಕುತ್ತಾ ಕೂರಬೇಕು.

ಲೆಕ್ಕ ಸರಳ. ಕಾರಿನ ಮುಂದೆ ಹಿಂದೆ ಯಾವ ತುದಿ ಜಾಸ್ತಿ ಗಟ್ಟಿಯೋ ಆ ತುದಿ ಮೊದಲು ಹಿಡಿತ ಬಿಡುತ್ತದೆ. ತಿರುವಿನಲ್ಲಿ ಆ ತುದಿಯ ಹೊರಗಿನ ಟೈರ್ ಮೇಲೆ ಹೆಚ್ಚು ಭಾರ ಬೀಳುತ್ತದೆ, ಆದರೆ ಭಾರ ಏರಿದಷ್ಟೇ ಹಿಡಿತ ಏರುವುದಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತಿದ್ದರೆ, ಅಂದರೆ ಅಂಡರ್‌ಸ್ಟಿಯರ್ ಇದ್ದರೆ, ಮುಂದಿನ ಬಾರ್ ಸಡಿಲ ಮಾಡಿ ಅಥವಾ ಹಿಂದಿನದನ್ನು ಬಿಗಿ ಮಾಡಿ. ಒಂದು ಸಲಕ್ಕೆ ಒಂದೇ!

ತೊಂದರೆ ತಿರುವಿನ ಯಾವ ಭಾಗದಲ್ಲಿ ಅನ್ನುವುದನ್ನೂ ನೋಡಬೇಕು. ನಡು ತಿರುವಿನಲ್ಲಾದರೆ ಬಾರ್, ಸ್ಪ್ರಿಂಗ್ ನೋಡಿ. ಒಳಹೋಗುವಾಗಲೇ ಹಿಂಭಾಗ ಜಾರಿದರೆ ಬ್ರೇಕ್ ಬ್ಯಾಲೆನ್ಸ್ (ಮುಂದೆ ಹಿಂದೆ ಬ್ರೇಕ್ ಬಲದ ಹಂಚಿಕೆ) ಅಥವಾ ಡ್ಯಾಂಪರ್ (ಸ್ಪ್ರಿಂಗ್ ಕುಣಿತ ತಡೆಯುವ ಭಾಗ) ಕಾರಣ ಇರಬಹುದು. ಹೊರಬರುವಾಗ ಜಾರುವುದು ಎಷ್ಟೋ ಸಲ ಎಡ ಬಲ ಚಕ್ರಕ್ಕೆ ಎಂಜಿನ್ ಬಲ ಹಂಚುವ ಡಿಫರೆನ್ಷಿಯಲ್‌ನದ್ದು, ಸಸ್ಪೆನ್ಷನ್‌ಗೆ ಸುಮ್ನೆ ಕೆಟ್ಟ ಹೆಸರು.

ಡ್ಯಾಂಪರ್ ಅಂದರೆ ತುಂಬಾ ಜನ ಹೆದರುತ್ತಾರೆ. ಅದರಲ್ಲಿ ಬಂಪ್ ಅನ್ನುವುದು ಸ್ಪ್ರಿಂಗ್ ಅದುಮಿಕೊಳ್ಳುವ ವೇಗವನ್ನು ತಡೆಯುತ್ತದೆ, ರಿಬೌಂಡ್ ಅದು ಮತ್ತೆ ಚಾಚುವ ವೇಗವನ್ನು. ಸಾಮಾನ್ಯವಾಗಿ ಬಂಪ್ ರಿಬೌಂಡ್‌ಗಿಂತ ಕಡಿಮೆ ಇಟ್ಟು ಶುರು ಮಾಡಿ. ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದಾಗ ಕಾರು ಚಂಗನೆ ನೆಗೆದರೆ ಬಂಪ್ ಇಳಿಸಿ. ಉಬ್ಬು ದಾಟಿದ ಮೇಲೂ ತೂಗಾಡುತ್ತಲೇ ಇದ್ದರೆ ರಿಬೌಂಡ್ ಏರಿಸಿ.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮಾತ್ರ ಊಹೆ ಮೇಲೆ ಬೇಡ, ಟೈರ್‌ನ ಬಿಸಿ ತೋರಿಸುವ ಟೆಲಿಮೆಟ್ರಿ ಇದ್ದರೆ ಅದನ್ನೇ ನೋಡಿ. ಒಳ ಅಂಚು ಹೊರ ಅಂಚಿಗಿಂತ ಸ್ವಲ್ಪ ಬಿಸಿ ಇದ್ದರೆ ಸಾಕು, ತೀರಾ ಬಿಸಿಯಾದರೆ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು, ಜಾಸ್ತಿ ಆಗಿದೆ ಅಂತ.

ಇನ್ನು ಬೇರೆಯವರ ಸೆಟಪ್. ಇಳಿಸಿಕೊಂಡು ಓಡಿಸಿ, ತಪ್ಪಿಲ್ಲ, ಆದರೆ ಅದು ಅವರ ಕೈಗೆ ಹೊಂದುವಂಥದ್ದು. ಸ್ಟೀರಿಂಗ್ ವೀಲ್‌ನಲ್ಲಿ ಆಡುವವರು ಹಿಂಭಾಗ ಸಡಿಲ ಬಿಟ್ಟುಕೊಂಡು ಸಂಭಾಳಿಸುತ್ತಾರೆ, ಅದೇ ಕಾರು ಗೇಮ್‌ಪ್ಯಾಡ್‌ನಲ್ಲಿ ಗಿರ್ರನೆ ಸುತ್ತುತ್ತದೆ. ಒಂದು ಗೇಮ್‌ನ ಅಂಕಿ ಇನ್ನೊಂದರಲ್ಲಿ ನಡೆಯುವುದೂ ಇಲ್ಲ. ಫೋರ್ಜಾ ಹೊರೈಜನ್ 5ರಲ್ಲಿ ಬಾರ್‌ನ ಅಳತೆ 1ರಿಂದ 65, ಗ್ರಾನ್ ಟುರಿಸ್ಮೋ 7ರಲ್ಲಿ 1ರಿಂದ 10.