ಅರ್ಕಾವತ್ತು ಕೊನೆಗೂ ಜಾಗಕ್ಕೆ ಬಂತು: ಗ್ರಾಮಸಭೆ ಠರಾವು ಹುಡುಕುವ ಕೆಲಸ, ಮೂರನೇ ಕಂತು

ನಿನ್ನೆ ರಾತ್ರಿ ಹನ್ನೊಂದೂವರೆಗೆ, ಕರೆಂಟು ಮೂರನೇ ಸಲ ಹೋಗಿ ಬಂದ ಮೇಲೆ, ಹುಡುಕುವ ಚೌಕದಲ್ಲಿ 'ಅರ್ಜಿ' ಅಂತ ಬರೆದು ಎಂಟರ್ ಒತ್ತಿದೆ. ಪರದೆ ತುಂಬ ಸಾಲುಗಳು ಬಂದವು. ಕುರ್ಚಿಯಿಂದ ಎದ್ದು ಜಗಲಿಗೆ ಹೋಗಿ ಮಳೆ ನೋಡುತ್ತಾ ಐದು ನಿಮಿಷ ಸುಮ್ಮನೆ ನಿಂತಿದ್ದೆ. ಒಂದು ತಿಂಗಳಿಂದ ಈ ಪದಕ್ಕೆ ಬರುತ್ತಿದ್ದ ಉತ್ತರ ಸೊನ್ನೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಒಂಬತ್ತು ವರ್ಷ ಗ್ರಾಮಸಭೆ ನಡೆದಿದೆ, ಒಬ್ಬರೂ ಒಂದು ಅರ್ಜಿ ಕೊಟ್ಟಿಲ್ಲ ಅಂದರೆ ಯಾರು ನಂಬುತ್ತಾರೆ ಮಾರಾಯ್ರೆ!

ಆ ಗ್ರಾಮಸಭೆಗಳ ನಡಾವಳಿ ಕಡತಗಳನ್ನು ಪೆನ್‌ಡ್ರೈವಿಗೆ ತಂದಿದ್ದು, ಫಾಂಟ್ ಹೆಸರು ನೋಡಿ ಕನ್ನಡ, ಇಂಗ್ಲಿಷ್ ತುಂಡುಗಳನ್ನು ಬೇರ್ಪಡಿಸಿದ್ದು, ಡೇಟಾಬೇಸಿಗೆ ಸುರಿದಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡುತ್ತೇನೆ. ಈ ಕಂತು ಪೂರ್ತಿ ಅರ್ಕಾವತ್ತಿಗೆ, ಅಂದರೆ 'ಅರ್ಜಿ'ಯಲ್ಲಿ ರ್ ಸೂಚಿಸಲು ಅಕ್ಷರದ ಬಲಕ್ಕೆ ಬರುವ ಗುರುತಿಗೆ ಮೀಸಲು.

ಎರಡು ಕಡತ ಬಿಟ್ಟರೆ ನಮ್ಮ ನಡಾವಳಿಗಳೆಲ್ಲ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿವೆ. ನುಡಿಯನ್ನು ಬೈಯುವವರ ಜೊತೆ ನಾನಿಲ್ಲ. ವಿಂಡೋಸ್ 98ಕ್ಕೆ ಕನ್ನಡದ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ತೋರಿಸುವ ಶಕ್ತಿ ಇರಲಿಲ್ಲ, ತುಂಗಾ ಫಾಂಟ್ ಬಂದದ್ದೇ ಎಕ್ಸ್‌ಪಿ ಜೊತೆ, 2001ರಲ್ಲಿ. ಅಂಥ ಕಾಲದಲ್ಲಿ ಸರ್ಕಾರಿ ಕಚೇರಿಗೆ ಕನ್ನಡ ತಂದು ಕೂರಿಸಿದ್ದು ಕನ್ನಡ ಗಣಕ ಪರಿಷತ್ತಿನ ನುಡಿ. ಆದರೆ ಅದು ಕನ್ನಡ ಅಕ್ಷರಗಳ ಚಿತ್ರವನ್ನು ರೋಮನ್ ಸಂಕೇತಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿತು. ಫಾಂಟ್ ತೆಗೆದರೆ 'ಕನ್ನಡ' ಅನ್ನುವ ಪದ ಹೀಗೆ ಕಾಣುತ್ತದೆ: ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನರ ಎಸ್ಸು, ಚಿಕ್ಕ ಕ್ಯೂ, ಇನ್ನೊಂದು ಗೀಟಿನ ಎ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಪೌಂಡು. ಹಾಗಾಗಿ ನಡಾವಳಿ ಕಂಪ್ಯೂಟರಿನಲ್ಲಿ ಇದ್ದೂ ಹುಡುಕಿದರೆ ಸಿಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ದಾಖಲೆಗಳಿಗೆ ಸೂಚಿ ಇರಬೇಕು, ಜನ ಸುಲಭವಾಗಿ ಪಡೆಯುವ ಹಾಗೆ ಜೋಡಿಸಿರಬೇಕು ಅನ್ನುತ್ತದೆ. ಆ ಸಾಲಿಗೂ ಈ ಪೌಂಡಿಗೂ ನಡುವೆ ಇರುವ ಕಂದಕದಲ್ಲೇ ನನ್ನ ಎರಡು ಮಳೆಗಾಲ ಕಳೆದಿದೆ.

ಸಾದಾ ಅಕ್ಷರಗಳನ್ನು ಬದಲಿಸುವುದು ಒಂದು ಭಾನುವಾರದ ಕೆಲಸ. ಅರ್ಕಾವತ್ತು ಹಾಗಲ್ಲ. ನಾವು ಬರೆಯುವಾಗ ಅದನ್ನು ಅಕ್ಷರ ಮುಗಿದ ಮೇಲೆ ಬಲಕ್ಕೆ ಎಳೆಯುತ್ತೇವೆ, ನುಡಿಯೂ ಅದೇ ಕ್ರಮದಲ್ಲಿ ಇಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮ ಕೇಳುತ್ತದೆ, ಅಲ್ಲಿ ರ್ ಮೊದಲು. ಹಾಗೇ ಬದಲಿಸಿದರೆ 'ಅರ್ಜಿ' ಹೋಗಿ 'ಅಜಿರ್', 'ಕಾರ್ಯದರ್ಶಿ' ಹೋಗಿ 'ಕಾಯರ್ದಶಿರ್', ನಮ್ಮ ತೀರ್ಥಹಳ್ಳಿಯೇ 'ತೀಥರ್ಹಳ್ಳಿ'. ಆಡಳಿತದ ಕನ್ನಡ ನೋಡಿ, ಅರ್ಕಾವತ್ತಿಲ್ಲದೆ ಒಂದು ಸಾಲು ಮುಂದೆ ಹೋಗುವುದಿಲ್ಲ: ಅರ್ಜಿ, ನಿರ್ಣಯ, ನಿರ್ಮಾಣ, ವಾರ್ಡು, ವರ್ಷ, ವರ್ಗ, ವರ್ಗಾವಣೆ, ಮಾರ್ಗಸೂಚಿ, ಸಾರ್ವಜನಿಕ. ಜನ ಏನು ಕೇಳಿದರು, ಸಭೆ ಏನು ತೀರ್ಮಾನಿಸಿತು ಅನ್ನುವ ಪದಗಳೇ ಕಾಣೆಯಾಗಿದ್ದವು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎಲ್ಲ ಬದಲಿಸಿದ ಮೇಲೆ ರ್ ಕಂಡಲ್ಲೆಲ್ಲ ಒಂದು ಅಕ್ಷರ ಹಿಂದಕ್ಕೆ ತಳ್ಳಿದೆ. ಅರ್ಜಿ ಸರಿಯಾಯಿತು. ಮಾರನೆ ದಿನ 'ಕಂಪ್ಯೂಟರ್' ಹೋಗಿ 'ಕಂಪ್ಯೂರ್ಟ' ಆಗಿತ್ತು, ಇಂಜಿನಿಯರ್ 'ಇಂಜಿನಿರ್ಯ', ಬಗರ್ ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ) 'ಬರ್ಗ ಹುಕುಂ'. ಮಲೆನಾಡಿನ ಗ್ರಾಮಸಭೆಯಲ್ಲಿ ಬಗರ್ ಹುಕುಂ ಸಿಗದಿದ್ದರೆ ಉಳಿದದ್ದು ಸಿಕ್ಕಿ ಏನು ಪ್ರಯೋಜನ?

ಕಾರಣ ಹೊಳೆಯಲು ಒಂದು ವಾರ ಹಿಡಿಯಿತು. ನುಡಿಯಲ್ಲಿ ನಿಜವಾದ ರ್ ಬೇರೆ ಸಂಕೇತ, ಅರ್ಕಾವತ್ತು ಬೇರೆ ಸಂಕೇತ. ಬದಲಿಸಿದ ಕೂಡಲೇ ಎರಡೂ ಒಂದಾಗಿ ಗುರುತು ಅಳಿಸಿಹೋಗುತ್ತದೆ. ಅಂದರೆ ಜಾಗ ಬದಲಿಸುವ ಕೆಲಸ ಮೂಲ ಸಂಕೇತಗಳ ಮಟ್ಟದಲ್ಲೇ, ಯೂನಿಕೋಡಿಗೆ ಹೋಗುವ ಮೊದಲೇ ಆಗಬೇಕು.

ಇಲ್ಲಿಂದ ನಿಜವಾದ ತಲೆನೋವು. ಹಿಂದಕ್ಕೆ ಎಷ್ಟು ಹೋಗಬೇಕು? 'ಅರ್ಜಿ'ಯ ಜಿ ಒಂದೇ ಸಂಕೇತ. 'ನಿರ್ಮಾಣ'ದ ಮಾ ನಾಲ್ಕು ಸಂಕೇತ, ಯಾಕೆಂದರೆ ನುಡಿಯಲ್ಲಿ ಮ ಅನ್ನುವುದು ವ-ಗೆ ಬಾಲ ಹಚ್ಚಿದ ರೂಪ. 'ನಿರ್ದೇಶನ'ದಲ್ಲಿ ನಡುವೆ ದೀರ್ಘ ಬಂದು ಕೂತಿದೆ. 'ಸಾಮರ್ಥ್ಯ'ದಲ್ಲಿ ಯ-ಒತ್ತನ್ನೂ ದಾಟಿ ಹೋಗಬೇಕು. ಎಲ್ಲಕ್ಕಿಂತ ಕಾಡಿದ್ದು 'ಕಾರ್ಯ'. ಯ ಅಕ್ಷರಕ್ಕೂ ನಾಲ್ಕು ಸಂಕೇತ ಬೇಕು, ಅದರಲ್ಲಿ ಮೊದಲನೆಯದು ದೊಡ್ಡ ಎ. ಅದೇ ದೊಡ್ಡ ಎ ಒಂಟಿಯಾಗಿ ಬಂದರೆ ಅನುಸ್ವಾರ! ಹಿಂದಿನಿಂದ ಎಣಿಸುತ್ತ ಬಂದ ನನ್ನ ಪ್ರೋಗ್ರಾಮು ಯ-ದ ತಲೆಯನ್ನು ಕಿತ್ತು ಹಿಂದಿನ ಕಾ-ಗೆ ಸೊನ್ನೆಯಾಗಿ ಅಂಟಿಸುತ್ತಿತ್ತು. ಕಾರ್ಯದರ್ಶಿ, ಕಾರ್ಯಕ್ರಮ, ಕಾರ್ಯಪಾಲಕ ಎಲ್ಲವೂ 'ಕಾಂ' ಎಂದು ಶುರುವಾಗಿ ಮುಂದೆ ಚೂರುಚೂರು. ಹದಿನಾಲ್ಕು ವಿನಾಯಿತಿ ನಿಯಮ ಬರೆದೆ. ಪ್ರತಿ ನಿಯಮವೂ ಒಂದು ಪದ ಉಳಿಸಿ ಎರಡು ಪದ ಕೆಡಿಸಿತು.

ಪರಿಹಾರ ಸಿಕ್ಕಿದ್ದು ಅಡಿಕೆ ಸುಲಿಯುವವರ ಪಕ್ಕ ಕೂತಿದ್ದಾಗ. ಅವರು ಹಿಂದಿನಿಂದ ಎಣಿಸುವುದಿಲ್ಲ, ಎದುರಿಗೆ ಬಂದ ಕಾಯನ್ನು ಇಡಿಯಾಗಿ ಎತ್ತಿ ಮುಗಿಸಿ ಮುಂದಿನದಕ್ಕೆ ಕೈ ಹಾಕುತ್ತಾರೆ. ಎಡದಿಂದಲೇ ಶುರು ಮಾಡಿ, ಹೊಂದುವ ಅತಿ ಉದ್ದದ ಸಂಕೇತದ ಗೊಂಚಲನ್ನು ಒಂದು ಅಕ್ಷರ ಅಂತ ತೆಗೆದು ಬುಟ್ಟಿಗೆ ಹಾಕುವುದು, ಒತ್ತು, ದೀರ್ಘ ಬಂದರೆ ಬುಟ್ಟಿಯ ಕೊನೆಯ ಅಕ್ಷರಕ್ಕೇ ಸೇರಿಸುವುದು, ಅರ್ಕಾವತ್ತು ಬಂದರೆ ಆ ಕೊನೆಯ ಅಕ್ಷರಕ್ಕಿಂತ ಮೊದಲು ರ್ ಇಡುವುದು. ಹಿಂದೆ ತಿರುಗಿ ಸಂಕೇತ ಎಣಿಸುವ ಪ್ರಶ್ನೆಯೇ ಇಲ್ಲ. ಹದಿನಾಲ್ಕು ನಿಯಮ ಅಳಿಸಿದೆ. ನಲವತ್ತು ಸಾಲಿನ ಕೋಡು ಉಳಿಯಿತು.

ಆದರೂ ಕೆಲವು ಪದ ಹಠ ಹಿಡಿದವು. 'ಜಿಲ್ಲಾ ಪಂಚಾಯತ್' ಅಲ್ಲಲ್ಲಿ 'ಈಲ್ಲಾ ಪಂಚಾಯತ್'. ಎಲ್ಲವೂ ಸಾಲಿನ ಆರಂಭದಲ್ಲೇ. ನುಡಿಯಲ್ಲಿ ಚಿಕ್ಕ ಎಫ್ ಎಂದರೆ ಜಿ, ದೊಡ್ಡ ಎಫ್ ಎಂದರೆ ಈ. ವರ್ಡ್ ಇದನ್ನು ಇಂಗ್ಲಿಷ್ ವಾಕ್ಯ ಅಂದುಕೊಂಡು ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿದೆ! ಟೈಪ್ ಮಾಡಿದವರು ಬಹಳ ಕಡೆ ತಿದ್ದಿದ್ದಾರೆ, ಅವಸರದಲ್ಲಿ ಕೆಲವು ಉಳಿದಿವೆ. ಸಾಲಿನ ಮೊದಲ ಪದ ನಿಘಂಟಿನಲ್ಲಿ ಇಲ್ಲದಿದ್ದರೆ ಚಿಕ್ಕಕ್ಷರ ಮಾಡಿ ಮತ್ತೆ ನೋಡು ಅಂತ ಒಂದು ಸಾಲು ಸೇರಿಸಿದೆ. ಫಾಂಟ್ ಹಚ್ಚುವಾಗ ತಪ್ಪಿ ನುಡಿಗೆ ಸೇರಿದ ನರೇಗಾದ ಇಂಗ್ಲಿಷ್ ಹ್ರಸ್ವರೂಪ ಮಾತ್ರ ಇನ್ನೂ 'ಒಉಓಖಇಉಂ' ಅಂತಲೇ ಬರುತ್ತಿದೆ. ಓದಿ ಮನೆಮಂದಿಯೆಲ್ಲ ನಕ್ಕರು. ಅದನ್ನು ಕೈಯಲ್ಲೇ ತಿದ್ದುತ್ತೇನೆ.

ಸಪ್ಲೈಯರ್ ಒಬ್ಬರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ಕೆಲಸಕ್ಕೆ ಅಂತ, ಸಿಮ್ ಹಾಕಿ ಫೋನ್ ಕರೆ ಸ್ವೀಕರಿಸುವ 4ಜಿ ಮಾಡ್ಯೂಲ್ ತರಿಸಿದ್ದೆ. ಕೊರಿಯರಿನವರು ನಮ್ಮೂರಿಗೆ ಬರುವುದಿಲ್ಲ, ಬಸ್ಸು ಹತ್ತಿ ಪೇಟೆಗೆ ಹೋಗಿ ತಂದೆ. ಪೆಟ್ಟಿಗೆ ಮೇಲೆ 4ಜಿ ಚೀಟಿ, ಒಳಗೆ ಸಿಮ್800, ಅಂದರೆ 2ಜಿ ಮಾತ್ರ. ಫೋನ್ ಮಾಡಿದರೆ 'ಎರಡೂ ಒಂದೇ ಸರ್' ಅನ್ನುತ್ತಾರೆ. ಒಂದೇ ಅಲ್ಲ. ಸಿಮ್800ಕ್ಕೆ ಸಿಗ್ನಲ್ ಕಳಿಸುವಾಗ 2 ಆಂಪಿಯರ್ ತನಕ ಕರೆಂಟ್ ಬೇಕು, ನಮ್ಮ ಗುಡ್ಡದಲ್ಲಿ ಹಿಡಿಯುವ ಒಂದೇ ಕಂಪನಿಗೆ 2ಜಿ ಜಾಲವೇ ಇಲ್ಲ. ದುಡ್ಡು ವಾಪಸ್ ಕೇಳಿ ಮೂರು ವಾರ ಆಯಿತು.

ಆ ಮುಂದಿನ ಕೆಲಸದ ಬಗ್ಗೆ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ಛತ್ತೀಸಗಢದಲ್ಲಿ 2010ರಿಂದ 'ಸೀಜಿನೆಟ್ ಸ್ವರ' ಅಂತ ಒಂದು ವ್ಯವಸ್ಥೆ ಇದೆ. ಆದಿವಾಸಿ ಹಳ್ಳಿಯವರು ಸಾದಾ ಫೋನಿನಿಂದ ಕರೆ ಮಾಡಿ ತಮ್ಮ ಊರಿನ ಸುದ್ದಿ, ತೊಂದರೆ ಹೇಳುತ್ತಾರೆ, ಬೇರೆಯವರು ಕರೆ ಮಾಡಿ ಕೇಳುತ್ತಾರೆ. ನನಗೆ ಬೇಕಿರುವುದು ಅದರ ಚಿಕ್ಕ ತಮ್ಮ. ನಮ್ಮ ಪಕ್ಕದ ಮನೆ ಅಜ್ಜಮ್ಮ ಕರೆ ಮಾಡಿ ಹಳ್ಳ ದಾಟುವ ಕಿರುಸೇತುವೆಯ ಬಗ್ಗೆ 'ಸಂಕದ ವಿಚಾರ ಏನಾಯ್ತು' ಅಂದರೆ ಕೊನೆಯ ಠರಾವನ್ನು ಓದಿ ಹೇಳಬೇಕು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟಿನಲ್ಲಿ ಸಭೆಯ ಧ್ವನಿಯಿಂದಲೇ ನಡಾವಳಿ ಬರೆಯುವ 'ಸಭಾಸಾರ್' ಬಿಟ್ಟಿದೆ. ಒಳ್ಳೆಯದೇ. ಆದರೆ ಅದು ಇನ್ನು ಮುಂದಿನ ಸಭೆಗಳಿಗೆ. ಈಗಾಗಲೇ ಕೇಳಿ, ಬರೆಸಿ, ಸಹಿ ಹಾಕಿಸಿದ ಮಾತುಗಳನ್ನು ನುಡಿ ಕಡತಗಳಿಂದ ಯಾರಾದರೂ ಎತ್ತಿ ತರಲೇಬೇಕು.

ಸಂಕ ಅಂದೆನಲ್ಲ, ನಾನು ಈ ಕೆಲಸ ಹಿಡಿದದ್ದೇ ಅದಕ್ಕೆ. ಹಳ್ಳದಾಚೆ ಹನ್ನೊಂದು ಮನೆಗಳಿವೆ. ಜೂನಿನಲ್ಲಿ ಹಳ್ಳ ತುಂಬಿದರೆ ಮಕ್ಕಳು ಅಡಿಕೆ ಮರದ ಎರಡು ದಬ್ಬೆ ಮೇಲೆ ದಾಟುತ್ತಾರೆ, ತಾಯಂದಿರು ಈಚೆ ದಡದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಪ್ರತಿ ಸಭೆಯಲ್ಲೂ 'ಇದು ಹೊಸ ಬೇಡಿಕೆ, ಪಟ್ಟಿಗೆ ಸೇರಿಸೋಣ' ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿತ್ತು. ನಿನ್ನೆ ರಾತ್ರಿ 'ಅರ್ಜಿ' ಆದ ಮೇಲೆ 'ಕಾಲುಸಂಕ ನಿರ್ಮಾಣ' ಹುಡುಕಿದೆ. ನಾಲ್ಕು ಸಭೆ. 'ಕಿರುಸೇತುವೆ' ಅಂತ ಒಂದು, 'ಸಂಕದ ದುರಸ್ತಿ' ಅಂತ ಇನ್ನೊಂದು. ಒಟ್ಟು ಆರು ಸಲ, ಅದೇ ಹಳ್ಳ, ಅದೇ ಹನ್ನೊಂದು ಮನೆ. ಎರಡು ಸಲ 'ಸರ್ವಾನುಮತದಿಂದ ನಿರ್ಣಯಿಸಲಾಯಿತು' ಅಂತಲೂ ಇದೆ.

ಇವತ್ತು ಬೆಳಿಗ್ಗೆ ಆರೂ ಠರಾವುಗಳನ್ನು ದಿನಾಂಕದ ಸಮೇತ ಒಂದೇ ಹಾಳೆಯಲ್ಲಿ ಪ್ರಿಂಟ್ ಮಾಡಿ ಪಂಚಾಯ್ತಿಗೆ ಒಯ್ದೆ. ಪಿಡಿಒ ಮೇಡಂ ವರ್ಗವಾಗಿ ಬಂದು ಎಂಟು ತಿಂಗಳು. ಹಾಳೆಯನ್ನು ಎರಡು ಸಲ ಓದಿದರು.

"ಇದು ನಮ್ಮ ಕಡತದಲ್ಲೇ ಇತ್ತಾ?"

"ನಿಮ್ಮ ಕಂಪ್ಯೂಟರಿನಲ್ಲೇ ಇತ್ತು ಮೇಡಂ."

"ಬಗರ್ ಹುಕುಂದೂ ಹೀಗೆ ತೆಗೆದು ಕೊಡ್ತೀರಾ? ಜನ ದಿನಾ ಕೇಳ್ತಾರೆ, ನನಗೆ ಹಿಂದಿನದು ಏನೂ ಗೊತ್ತಾಗ್ತಿಲ್ಲ."

ಬಗರ್ ಹುಕುಂ ಈಗ 'ಬರ್ಗ' ಆಗುವುದಿಲ್ಲ, ಸಂಜೆಯೊಳಗೆ ಕೊಡುತ್ತೇನೆ ಅಂದೆ. ಗ್ರಾಮಸಭೆ ಮುಂದಿನ ಗುರುವಾರ. ಸಂಕದ ಹಾಳೆಯ ಪ್ರತಿಗಳು ಹನ್ನೊಂದು ಮನೆಗೂ ಹೋಗಿವೆ, ಅಜ್ಜಮ್ಮನಿಗೆ ಮೊಮ್ಮಗಳು ಓದಿ ಹೇಳಿದ್ದಾಳೆ.

ಬಾಕಿ ಇರುವುದು: ಮೊಬೈಲಿನಲ್ಲಿ ಕೆಲವರು 'ಕಾರ್ಯ' ಬರೆಯುವಾಗ ಅರ್ಕಾವತ್ತು ಬೇಡವೆಂದು 'ಕಾರ‍್ಯ' ಅಂತ ಬರೆಯುತ್ತಾರೆ, ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಕೂತಿರುತ್ತದೆ. ಹುಡುಕುವಾಗ ಎರಡನ್ನೂ ಒಂದೇ ಎಂದು ನೋಡಬೇಕು. ಇನ್ನು ತೀರಾ ಹಳೆಯ ಎರಡು ಕಡತ ಶ್ರೀಲಿಪಿ ಅನ್ನುವ ಬೇರೆ ತಂತ್ರಾಂಶದಲ್ಲಿವೆ, ಅದರ ಸಂಕೇತವೇ ಬೇರೆ. ಶ್ರೀಲಿಪಿಯ ಅರ್ಕಾವತ್ತಿನ ಜೊತೆ ಗುದ್ದಾಡಿದವರು ಯಾರಾದರೂ ಇದ್ದರೆ ನಿಮ್ಮ ಪಟ್ಟಿ ಕಳಿಸಿ, ನನ್ನ ನಲವತ್ತು ಸಾಲು ನಿಮಗೆ ಕಳಿಸುತ್ತೇನೆ.