ವೆರ್ಣಾದ ಜಂಬಿಟ್ಟಿಗೆ ಬಯಲಿನಲ್ಲಿ ಒಂದು ಅಂಟುಗಿಡ

ಹುಬ್ಬಳ್ಳಿಯಿಂದ ವಾಸ್ಕೋಗೆ ರೈಲಿನಲ್ಲಿ ಹೋಗುವವರೆಲ್ಲ ದೂಧಸಾಗರ ಬಂದೊಡನೆ ಕಿಟಕಿಗೆ ಮುಗಿಬೀಳುತ್ತಾರೆ. ನನಗೆ ಆ ಜಲಪಾತಕ್ಕಿಂತ ಗೋವಾದ ವೆರ್ಣಾದ ಕೈಗಾರಿಕಾ ವಸಾಹತಿನ ಆಚೆ ಉಳಿದಿರುವ ಜಂಬಿಟ್ಟಿಗೆ ಬಯಲೇ ಮೇಲು. ಬೇಸಿಗೆಯಲ್ಲಿ ಕಾದ ಹೆಂಚಿನಂತಿರುವ ಇಂಥ ಬಯಲುಗಳ ತೆಳುಮಣ್ಣಿನಲ್ಲಿ, ಮಳೆಗಾಲ ಬಂತೆಂದರೆ, ಡ್ರೋಸೆರಾ ಇಂಡಿಕಾ ಎಂಬ ಕೀಟಾಹಾರಿ ಗಿಡ ತಲೆಯೆತ್ತುತ್ತದೆ. ಸಾರಜನಕ ಸಾಲದ ನೆಲದಲ್ಲಿ ಬದುಕಬೇಕಾದ ಅದು, ಎಲೆಯ ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿ ಕಟ್ಟಿ, ಬಂದು ಕೂತ ನುಸಿಗಳನ್ನು ಅರಗಿಸಿಕೊಂಡು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಅದರ ಚಿತ್ರ ತೆಗೆಯಲು ಹೋದಾಗ ಜೊತೆಗೆ ಬಂದವರು ಜುವಾರಿನಗರದಲ್ಲಿ ನೆಲೆಸಿ ಮದುವೆ ಫೋಟೊ ತೆಗೆಯುವ, ಗದಗ ಕಡೆಯ ನನ್ನ ಕಾಕಾ. ಬಾಡಿಗೆಗೆ ತಂದಿದ್ದ, ತೀರ ಹತ್ತಿರದ ಚಿತ್ರಕ್ಕೆಂದೇ ಇರುವ ಕ್ಯಾನನ್ 100 ಮಿ.ಮೀ. ಎಲ್ ಮ್ಯಾಕ್ರೋ ಲೆನ್ಸಿನ ಫೋಕಸ್ ಮಿತಿಯ ಸ್ವಿಚ್ಚು, ಹತ್ತಿರದ್ದಕ್ಕೆ ಆಟೋಫೋಕಸ್ ಕೂಡದಂತೆ, ಅರ್ಧ ಮೀಟರಿನಾಚೆಯ ಗುರುತಿನಲ್ಲೇ ಕಚ್ಚಿಕೊಂಡಿದ್ದು ತಿಳಿದದ್ದು ಬಯಲಿನಲ್ಲಿ. ಮರಳಿಸುವಾಗ ಅಂಗಡಿಯವರು ಕೆಡಿಸಿದ್ದು ನಾವೇ ಎಂದು ಮುಂಗಡದಲ್ಲಿ ಹಣ ಹಿಡಿದುಕೊಂಡರು. ಬಾಡಿಗೆಗೆ ಒಯ್ಯುವವರು ಹಣ ಎಣಿಸುವ ಮೊದಲು ಅಲ್ಲೇ ಪ್ರತಿಯೊಂದು ಸ್ವಿಚ್ಚನ್ನೂ ಸರಿಸಿ ನೋಡತಕ್ಕದ್ದು.

"ಹೋಗಲಿ ಬಿಡು ತಮ್ಮಾ, ಇಷ್ಟು ಹತ್ರದಾಗ ಆಟೋಫೋಕಸ್ ಯಾರಿಗೆ ಬೇಕಾಗೇದ?" ಎಂದು ಕಾಕಾ ಕೈಯಿಂದಲೇ ಫೋಕಸ್ ಮಾಡಹೇಳಿದರು.

"ನಾಕು ಸ್ಟಾಪ್ ಸ್ಟೆಬಿಲೈಸೇಶನ್ ಅದ ಅಂತಾರಲ್ಲ ಕಾಕಾ, ಮತ್ಯಾಕ ಎಲ್ಲಾ ಅಲುಗಿ ಬರಾಕತ್ತಾವು?"

"ಆ ನಾಕು ದೂರದ್ದಕ್ಕ. ವಸ್ತು ಎಷ್ಟದನೋ ಅಷ್ಟs ಸೆನ್ಸರ್ ಮ್ಯಾಲ ಬೀಳೂವಷ್ಟು ಹತ್ರ ಹ್ವಾದ್ರ ಎರಡs. ಗಾಳಿ ಬೀಸಿದ್ರ ಅದೂ ಇಲ್ಲ."

ಸ್ಟೆಬಿಲೈಸೇಶನ್ ಅಂದರೆ ಕೈಯ ಅಲುಗಾಟವನ್ನು ಲೆನ್ಸೇ ಸರಿದೂಗಿಸುವುದು; ಒಂದೊಂದು ಸ್ಟಾಪಿಗೂ ಶಟರನ್ನು ಎರಡು ಪಟ್ಟು ಹೊತ್ತು ತೆರೆದಿಡಬಹುದೆಂಬ ಲೆಕ್ಕ. ಕಾಕಾ ಅವರ ಮಾತು ಕಂಪನಿಯ ಲೆಕ್ಕಕ್ಕೆ ಸರಿಹೊಂದುತ್ತದೆ. ದೂರದ ಚಿತ್ರದಲ್ಲಿ ಕ್ಯಾಮೆರಾ ಓಲುವುದಷ್ಟೇ ತೊಂದರೆ ಕೊಟ್ಟರೆ, ಹತ್ತಿರದಲ್ಲಿ ಅದು ಮೇಲೆ-ಕೆಳಗೆ, ಅಕ್ಕಪಕ್ಕ ಜರುಗುವುದೂ ದೊಡ್ಡದಾಗುತ್ತದೆ. 2009ರಲ್ಲಿ ಬಂದ ಈ ಲೆನ್ಸು ಎರಡನ್ನೂ ಅಳೆದು ಸರಿದೂಗಿಸುತ್ತದೆಯಾದರೂ, ಮೊಣಕಾಲೂರಿ ಬಾಗಿದವನ ಮೈ ಹಿಂದೆ-ಮುಂದೆ ತೂಗುವುದನ್ನು ತಡೆಯಲಾರದು. ಎಫ್/11ರಲ್ಲಿಯೂ, ಅಂದರೆ ಲೆನ್ಸಿನ ಕಿಂಡಿಯನ್ನು ಸಾಕಷ್ಟು ಕಿರಿದು ಮಾಡಿದಾಗಲೂ, ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಒಂದು ಉಸಿರಿಗೆ ಹನಿ ಜಾರಿ ಹಿಂದಿನ ರೋಮ ಫೋಕಸಿಗೆ ಬರುತ್ತದೆ.

ಹಾಗಾದರೆ ಸ್ಟೆಬಿಲೈಸೇಶನ್ ಏಕೆ? ನನ್ನ ಮಟ್ಟಿಗೆ ಅದರ ನಿಜವಾದ ಉಪಕಾರ ವ್ಯೂಫೈಂಡರಿನಲ್ಲಿದೆ. ಗುಂಡಿಯನ್ನು ಅರ್ಧ ಒತ್ತಿದೊಡನೆ ನಡುಗುತ್ತಿದ್ದ ನೋಟ ನಿಲ್ಲುತ್ತದೆ, ಅಂಟಿನೊಳಗೆ ಸಿಕ್ಕ ನುಸಿಯ ಕಾಲು ಗೆರೆಗೆರೆಯಾಗಿ ಕಾಣುತ್ತದೆ, ಎಲ್ಲಿ ಫೋಕಸ್ ಇಡಬೇಕೆಂಬುದು ಆಗ ತಿಳಿಯುತ್ತದೆ. ಆಮೇಲೆ ಮೊಣಕೈಗಳನ್ನು ಕಲ್ಲಿಗೆ ಊರಿ, ಬೆಳಕಿಗೆ ಸೆನ್ಸರಿನ ಸ್ಪಂದನೆಯನ್ನು (ಐಎಸ್‌ಒ) 800ಕ್ಕೆ ಏರಿಸಿ, 1/250 ಸೆಕೆಂಡಿನಲ್ಲಿ ಸಾಲಾಗಿ ತೆಗೆಯುತ್ತ, ಗಾಳಿ ನಿಂತ ಗಳಿಗೆಯನ್ನು ಕಾಯಬೇಕು. ಹೀಗೆ ತೆಗೆದ ಸಾಲಿನಲ್ಲಿ ಒಂದೆರಡು ಚಿತ್ರ ಚೂಪಾಗಿ ಬಂದವು. ಅವುಗಳಲ್ಲೊಂದರಲ್ಲಿ ನುಸಿಯ ಕಾಲಿಗೆ ಅಂಟಿದ ಹನಿಯೊಳಗೆ ಮೋಡದ ಆಕಾಶ ತಲೆಕೆಳಗಾಗಿದೆ.

ಫ್ಲ್ಯಾಶ್ ಹಾಕಿದ್ದರೆ ಇಷ್ಟೆಲ್ಲ ಕಷ್ಟವೇ ಇರಲಿಲ್ಲವೆಂಬುದು ಕಾಕಾ ಅವರ ವಾದ. ಫ್ಲ್ಯಾಶಿನ ಬೆಳಕು ಅತಿ ಕ್ಷಣಿಕವಾದ್ದರಿಂದ ಅಲುಗಾಟ ಅದರಲ್ಲಿ ಕಾಣದು, ನಿಜ. ಆದರೆ ಪ್ರತಿ ಹನಿಯ ಮೇಲೂ ಬಿಳಿಯ ಚುಕ್ಕೆ ಬೀಳಿಸುವ ಆ ಬೆಳಕು ಮದುವೆ ಮಂಟಪದಲ್ಲಿಯೇ ಇರಲಿ.