ಎಡಗಾಲಿನ ಗೆಜ್ಜೆ

ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳು ಉರಿದು ಹುಣ್ಣಾಗುವ ಕಾಯಿಲೆ, ನನಗೆ ಅಂಟಿಕೊಂಡು ಆರು ವರ್ಷ. ಹೋದ ಮಳೆಗಾಲದಲ್ಲಿ ಮತ್ತೆ ಕೆರಳಿತು. ದಿನಕ್ಕೆ ಎಂಟು-ಹತ್ತು ಸಲ ರಕ್ತ ಬೆರೆತ ಭೇದಿ. ಹಾಸಿಗೆ ಬಿಟ್ಟರೆ ಬಚ್ಚಲು, ಅಷ್ಟೇ ಓಡಾಟ.

ಐದನೇ ದಿನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಮೈಯಲ್ಲಿ ನೀರು ಕಡಿಮೆಯಾಗಿ ಸೆಳೆತ ಬಂದಿದೆ ಅಂದುಕೊಂಡೆ. ಎರಡು ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನೀವಿದಳು. ಮೂರನೇ ದಿನ ಕೈಯಿಟ್ಟವಳೇ, "ಇದೇನೇ, ಕಾಲು ಸುಡ್ತಾ ಇದೆಯಲ್ಲ!" ಅಂದಳು. ಎರಡೂ ಕಾಲು ಜೋಡಿಸಿ ನೋಡಿದೆವು. ಎಡಗಾಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ಬಲಗಾಲಲ್ಲಿ ಸಡಿಲವಾಗಿ ಜಾರುತ್ತಿದ್ದ ಗೆಜ್ಜೆ ಎಡಗಾಲಲ್ಲಿ ಮಾಂಸಕ್ಕೆ ಕಚ್ಚಿಕೊಂಡಿತ್ತು.

ಆಸ್ಪತ್ರೆಯಲ್ಲಿ ಟೇಪಿನಿಂದ ಅಳೆದರು: ಎರಡೂ ಮೀನಖಂಡಕ್ಕೆ 4 ಸೆಂ.ಮೀ. ವ್ಯತ್ಯಾಸ. ಡಾಪ್ಲರ್ ಸ್ಕ್ಯಾನಿನಲ್ಲಿ, ಒತ್ತಿದರೆ ಅಪ್ಪಚ್ಚಿಯಾಗಬೇಕಾದ ರಕ್ತನಾಳ ದುಂಡಗೆ ಹಾಗೇ ನಿಂತಿತ್ತು. ಒಳಗೆ ಹೆಪ್ಪು. ನೀವಿದ ವಿಷಯ ಕೇಳಿ ಡಾಕ್ಟರ್ ಮುಖ ಗಂಭೀರವಾಯಿತು. ಹೆಪ್ಪಿನ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ.

ಹೆಪಾರಿನ್ ಜಾತಿಯ ಇಂಜೆಕ್ಷನ್ ಅಂದಾಗ ಅಮ್ಮ ತಡೆದಳು. "ಮೊದಲೇ ರಕ್ತ ಹೋಗ್ತಿದೆ, ಅದನ್ನ ಇನ್ನೂ ತೆಳು ಮಾಡ್ತೀರಾ ಡಾಕ್ಟ್ರೇ?"

"ರಕ್ತ ಹೋಗ್ತಿರೋದು ಕರುಳಿನ ಹುಣ್ಣಿನಿಂದಮ್ಮ. ಮೈಯೊಳಗಿನ ರಕ್ತ ಹೆಪ್ಪುಗಟ್ಟೋಕೇ ಕಾಯ್ತಾ ಇದೆ" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಕರುಳಿನ ಉರಿಯೂತ ಕರುಳಲ್ಲೇ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಯಕೃತ್ತು ಹೆಚ್ಚು ತಯಾರಿಸುತ್ತದೆ, ಪ್ಲೇಟ್‌ಲೆಟ್ ಏರುತ್ತದೆ, ಕಟ್ಟಿದ ಹೆಪ್ಪನ್ನು ಕರಗಿಸುವ ಶಕ್ತಿ ಕುಗ್ಗುತ್ತದೆ. ನನ್ನ ಪ್ಲೇಟ್‌ಲೆಟ್ 6 ಲಕ್ಷ ದಾಟಿತ್ತು. ಮಲಗಿಯೇ ಇದ್ದದ್ದು ಇನ್ನೊಂದು ಕಾರಣ. ಈ ಕಾಯಿಲೆಯವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಉಳಿದವರಿಗಿಂತ ಎರಡು-ಮೂರು ಪಟ್ಟು. ಕೆರಳಿದಾಗ ಇನ್ನೂ ಜಾಸ್ತಿ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 1936ರಲ್ಲೇ ಇದನ್ನು ಬರೆದಿಟ್ಟಿದ್ದಾರಂತೆ. ಆರು ವರ್ಷ ಊಟದ ಪಥ್ಯ, ಮಾತ್ರೆ, ಕೊಲೊನೊಸ್ಕೋಪಿ ಎಲ್ಲದರ ಮಾತಾಡಿದ್ದೆವು. ಕಾಲಿನ ಮಾತು ಒಮ್ಮೆಯೂ ಬಂದಿರಲಿಲ್ಲ. ಅದು ನನಗೆ ಈಗಲೂ ನೋವಿನ ವಿಷಯ.

ಹೊಕ್ಕುಳಿನ ಪಕ್ಕ ದಿನಕ್ಕೆರಡು ಇಂಜೆಕ್ಷನ್. ಪ್ರತಿ ಸಲ ಬಚ್ಚಲಿಂದ ಬಂದಾಗಲೂ ಅಮ್ಮ, "ಜಾಸ್ತಿ ಹೋಯ್ತಾ?" ಅಂತ ಕೇಳುತ್ತಿದ್ದಳು. ಜಾಸ್ತಿಯಾಗಲಿಲ್ಲ. ಸ್ಟೀರಾಯ್ಡಿನಿಂದ ಕಾಯಿಲೆ ಹಿಡಿತಕ್ಕೆ ಬಂದಂತೆ ವಾರದಲ್ಲಿ ರಕ್ತ ಕಡಿಮೆಯಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಆರು ತಿಂಗಳು ನುಂಗಿದೆ.

ಗೆಜ್ಜೆ ಈಗ ಬೀರುವಿನಲ್ಲಿದೆ. ಅಮ್ಮನ ಹೊಲಿಗೆ ಟೇಪು ನನ್ನ ದಿಂಬಿನ ಪಕ್ಕದಲ್ಲಿದೆ.